ನಾಲ್ಕು ಗ್ರಾಂ ಕಡಿಮೆ

ಮನೆಯಿಂದ, ಊಟದ ಮೇಜಿನ ಮುಂದೆ ಕೂತು
ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ‘ಸೊಸೆಗೆ’ ಎಂದು ಬರೆದೆ. ಓದಿ ನೋಡಿದರೆ ನೋಟೀಸಿನ ಹಾಗೆ ಕಂಡಿತು. ಆ ಹಾಳೆಯನ್ನು ಮಡಚಿಟ್ಟು ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ಹೇಗಿದ್ದೀಯ? ಬಲ ಭುಜದ ನೋವು ಇಳಿಯಿತೇ? ಹೋದ ವಾರ ಫೋನಿನಲ್ಲಿ ಕೇಳಿದಾಗ ‘ಏನಿಲ್ಲ ಮಾವ, ಸ್ವಲ್ಪ ಸೆಳೆತ’ ಅಂದೆ. ನಿನ್ನ ‘ಏನಿಲ್ಲ’ವನ್ನು ನಾನು ಇನ್ನು ಮುಂದೆ ಹಾಗೇ ನಂಬುವವನಲ್ಲ. ದಪ್ಪ ಪುಸ್ತಕಗಳ ಕಟ್ಟನ್ನು ಒಬ್ಬಳೇ ಎತ್ತಿ ಪ್ರೆಸ್ಸಿಗೆ ಇಡಬೇಡ. ಬೈಂಡಿಂಗ್ ಕೋಣೆಯಲ್ಲಿ ಯಾರಾದರೂ ಇದ್ದರೆ ಕೂಗಿ ಕರೆ, ನಾಚಿಕೆ ಬೇಡ. ನನ್ನ ಮೊಮ್ಮಗಳು ಗುಬ್ಬಿಗೆ ಪರೀಕ್ಷೆ ಮುಗಿಯಿತೇ? ಲೆಕ್ಕದ ಪತ್ರಿಕೆಯ ವಿಷಯ ಕೇಳಿದರೆ ಅವಳು ಮಾತು ತಿರುಗಿಸಿ ನನ್ನ ಮೊಣಕಾಲಿನ ವಿಚಾರ ಎತ್ತಿದಳು. ಅಲ್ಲಿಗೆ ಲೆಕ್ಕ ಹೇಗಾಗಿದೆ ಎಂದು ತಿಳಿಯಿತು. ಬೈಯಬೇಡ. ನನ್ನ ಮೊಣಕಾಲು ಮೆಟ್ಟಿಲು ಇಳಿಯುವಾಗ ಮಾತ್ರ ತಕರಾರು ಮಾಡುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಬೆಳಗಿನ ಬಿಳಿ ಮಾತ್ರೆ, ರಾತ್ರಿಯ ಅರ್ಧ ಮಾತ್ರೆ ಎರಡೂ ತಪ್ಪಿಲ್ಲ. ಅಡುಗೆಮನೆಯ ನಲ್ಲಿ ಕೊನೆಗೂ ಸರಿಯಾಯಿತು. ನಲ್ಲಿ ರಿಪೇರಿಯವನು ಮೂರು ಸಲ ‘ನಾಳೆ’ ಎಂದ ಮೇಲೆ ಕೆಳಮನೆಯ ಟೈಲರಮ್ಮ ತಾನೇ ಸ್ಪ್ಯಾನರ್ ಹಿಡಿದು ಬಂದು ವಾಷರ್ ಬದಲಿಸಿ ಹೋದಳು. ಹೊಲಿಗೆ ಮಿಷನ್ನು ಬಿಚ್ಚಿ ಕಟ್ಟುವವಳಿಗೆ ನಲ್ಲಿ ಯಾವ ಲೆಕ್ಕ ಅಂದಳು.

ಇಷ್ಟು ಹೊತ್ತಿಗೆ ನೀನು ಕಾಗದ ತಿರುಗಿಸಿ ಇನ್ನೂ ಎಷ್ಟು ಹಾಳೆ ಇದೆ ಎಂದು ನೋಡಿರುತ್ತೀಯ. ಪ್ರತಿ ಭಾನುವಾರ ಮಾತಾಡುವ ಮಾವ ಕಾಗದ ಯಾಕೆ ಬರೆದರು ಎಂದು ಹೆದರಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀನು ಮಾತ್ರೆ ಕೇಳುತ್ತೀಯ, ನಾನು ‘ಹೂಂ’ ಅನ್ನುತ್ತೇನೆ, ಗುಬ್ಬಿ ಫೋನು ಕಿತ್ತುಕೊಳ್ಳುತ್ತಾಳೆ, ಮುಗಿಯಿತು. ನಾನು ಹೇಳಬೇಕಾದದ್ದು ಆ ಸಂದಿಯಲ್ಲಿ ತೂರುವಂಥದ್ದಲ್ಲ. ಅಲ್ಲದೆ ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನೀನು ‘ಬಿಡಿ ಮಾವ’ ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಬಿಡುವುದು ನನಗೆ ಸುಲಭ. ಕಾಗದದಲ್ಲಾದರೆ ನೀನು ತಡೆಯುವ ಹಾಗಿಲ್ಲ.

ನಿನ್ನ ಅತ್ತೆಯ ಬಳೆಗಳ ವಿಷಯ.

ಸಾಯುವ ಮುಂಚೆ ಹಾಸಿಗೆಯಲ್ಲಿ ಮಲಗಿದ್ದಾಗ ಅವಳೇ ತನ್ನ ಕೈಯಿಂದ ಕಳಚಿ ನಿನಗೆ ತೊಡಿಸಿದಳು. ಬೆರಳುಗಳಲ್ಲಿ ಶಕ್ತಿ ಇರಲಿಲ್ಲ, ನೀನೇ ಕೈ ಚಿಕ್ಕದು ಮಾಡಿ ಒಳಗೆ ತೂರಿಸಿಕೊಂಡೆ. ‘ಇವು ನಿನ್ನ ಕೈಗೇ ಚೆಂದ, ಪೆಟ್ಟಿಗೆಯಲ್ಲಿ ಇಡಬೇಡ, ದಿನಾ ಹಾಕ್ಕೋ’ ಅಂದಳು. ನಾನು ಬಾಗಿಲ ಬಳಿ ನಿಂತಿದ್ದೆ. ನೀನು ಅವಳ ಮಾತು ಉಳಿಸಿಕೊಂಡೆ. ಪಾತ್ರೆ ತೊಳೆಯುವಾಗ, ಗುಬ್ಬಿಗೆ ಜಡೆ ಹಾಕುವಾಗ, ಬೈಂಡಿಂಗ್ ಕೋಣೆಗೆ ಹೋಗುವಾಗ ಎಲ್ಲ ಕಾಲಕ್ಕೂ ಅವು ನಿನ್ನ ಕೈಯಲ್ಲಿದ್ದವು. ಒಂದು ವರ್ಷವೂ ಆಗಿರಲಿಲ್ಲ, ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿನ ಹಿಡಿ ಜಾರಿ ನಿನ್ನ ಬಲಗೈ ಅದರೊಳಗೆ ಸಿಕ್ಕಿತು. ಬಳೆ ಇದ್ದದ್ದಕ್ಕೆ ಮಣಿಕಟ್ಟು ಉಳಿಯಿತು, ಬಳೆ ಚಪ್ಪಟೆಯಾಗಿ ಸೀಳಿತು. ಆ ದಿನ ನೀನು ಮನೆಗೆ ಬಂದು ಕೈ ಚಾಚಿ ತೋರಿಸಿದಾಗ ನಾನು ಮೊದಲು ಕೇಳಿದ್ದು ಏನು ಗೊತ್ತೇ? ‘ಬಳೆಗೇನಾಯ್ತು?’ ಎಂದು. ನಿನಗೆ ನೆನಪಿದೆಯೋ ಇಲ್ಲವೋ. ನನಗಿದೆ. ಮಣಿಕಟ್ಟು ನೀಲಿಗಟ್ಟಿ ಊದಿಕೊಂಡಿತ್ತು, ನಾನು ಚಿನ್ನದ ನೆಗ್ಗು ನೋಡುತ್ತಿದ್ದೆ.

ಕಮಾನಿನ ಕೆಳಗೆ ಕೂರುವ ಆ ಕಿವುಡು ಅಕ್ಕಸಾಲಿಗನ ಹತ್ತಿರ ನೀನೇ ಒಯ್ದು ಸರಿಮಾಡಿಸಿ ತಂದೆ. ಒಂದು ವಾರ ಹಿಡಿಯಿತು. ತಂದ ಮರುದಿನ ಸಂಜೆ, ಹಿಟ್ಟು ಕಲಸಲು ಕೂತಾಗ ನೀನು ಎರಡೂ ಬಳೆ ಕಳಚಿ ಈ ಮೇಜಿನ ಮೇಲೆ ಇಟ್ಟಿದ್ದೆ. ನಾನು ಸುಮ್ಮನೆ ಕೈಗೆತ್ತಿಕೊಂಡೆ. ಮೂವತ್ತಮೂರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನ ಕೈ ಮಗಳೇ. ಅಂಗಡಿಯವರ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸುವುದೇ ಕಸುಬಾಗಿತ್ತು. ಒಂದು ಬಳೆ ಹಗುರ ಎಂದು ಅಂಗೈ ಹೇಳಿಬಿಟ್ಟಿತು. ಕೋಣೆಗೆ ಹೋಗಿ ಕಪಾಟಿನಿಂದ ನನ್ನ ಪುಟ್ಟ ತಕ್ಕಡಿ ತೆಗೆದೆ. ನಿನ್ನ ಅತ್ತೆ ಇದ್ದಾಗ ಒಮ್ಮೆ ಅವುಗಳ ತೂಕ ಬರೆದಿಟ್ಟುಕೊಂಡಿದ್ದೆ, ಅದು ನನ್ನ ಚಟ. ಆಗ ಹದಿನೆಂಟು ಗ್ರಾಂ ಮುನ್ನೂರು ಮಿಲಿಗ್ರಾಂ ಇದ್ದ ಬಳೆ ಈಗ ಹದಿನಾಲ್ಕು ಗ್ರಾಂ ನೂರ ಇಪ್ಪತ್ತು. ನಾಲ್ಕು ಗ್ರಾಂ ನೂರ ಎಂಬತ್ತು ಕಡಿಮೆ. ಇನ್ನೊಂದು ಬಳೆ ಇದ್ದ ಹಾಗೇ ಇತ್ತು. ಮೂರು ಸಲ ತೂಗಿದೆ.

ನಿನ್ನನ್ನು ಕೂಗಿ ‘ಇದೇನಮ್ಮಾ?’ ಎಂದು ಕೇಳಬಹುದಾಗಿತ್ತು. ನೀನು ಆರು ಹೆಜ್ಜೆ ದೂರದಲ್ಲಿ ಹಿಟ್ಟು ಕಲಸುತ್ತಿದ್ದೆ. ಕೇಳಲಿಲ್ಲ. ಕ್ಯಾಲೆಂಡರಿನ ಹಳೆಯ ತಿಂಗಳ ಹಾಳೆ ಹರಿದು, ಅದರ ಬೆನ್ನಿಗೆ ಎರಡು ತೂಕ ಬರೆದು, ಕಳೆದು, ಉಳಿದದ್ದರ ಕೆಳಗೆ ಎರಡು ಗೆರೆ ಎಳೆದು, ಆ ಚೀಟಿಯನ್ನು ಬಳೆಯ ಕೆಳಗೆ ಸಿಕ್ಕಿಸಿ ವಾಕಿಂಗ್ ಹೋದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬಾಯಿಬಿಟ್ಟು ನಾನೇನೂ ಅಂದಿಲ್ಲ ಎಂದು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಅನ್ನದೆಯೇ ಎಲ್ಲ ಅಂದಿದ್ದೆ. ಕದ್ದಳು ಎಂದು ಒಂದು ಮನಸ್ಸು. ಅಕ್ಕಸಾಲಿಗನಿಗೆ ರಿಪೇರಿಯ ಕೂಲಿಗೆ ಬದಲಾಗಿ ಚಿನ್ನ ಕೊಟ್ಟು ಮುಚ್ಚಿಟ್ಟಳು ಎಂದು ಇನ್ನೊಂದು ಮನಸ್ಸು. ಅವಳಿಗೆ ಮೋಸವಾಗಿರಬಹುದು ಎಂದು ಮೂರನೆಯ ಮನಸ್ಸು ಹೇಳಬೇಕಿತ್ತು, ಅದು ಆ ದಿನ ಬಾಯಿ ತೆರೆಯಲಿಲ್ಲ.

ವಾಪಸು ಬಂದಾಗ ಮೇಜು ಒರೆಸಿತ್ತು. ಚೀಟಿಯೂ ಇಲ್ಲ, ಬಳೆಯೂ ಇಲ್ಲ. ನೀನು ಎಂದಿನಂತೆ ಬಡಿಸಿದೆ. ‘ಮಾವ, ಇನ್ನೊಂಚೂರು ಹಾಕ್ಲಾ?’ ಎಂದು ಎರಡು ಸಲ ಕೇಳಿದೆ. ನಾನು ತಟ್ಟೆ ನೋಡುತ್ತಾ ಉಂಡೆ. ಮರುದಿನ ಬೆಳಿಗ್ಗೆ ನನ್ನ ಕಪಾಟಿನಲ್ಲಿ ತಕ್ಕಡಿಯ ಪಕ್ಕದಲ್ಲಿ ಬಿಳಿ ಕರ್ಚೀಫಿನಲ್ಲಿ ಸುತ್ತಿಟ್ಟ ಎರಡೂ ಬಳೆಗಳಿದ್ದವು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ತಪ್ಪು ಮಾಡಿದವಳು ಒಪ್ಪಿಕೊಂಡಳು ಎಂದು ಅಂದುಕೊಂಡೆ. ಎರಡು ತಿಂಗಳಿಗೆ ನನ್ನ ಮಗ ವರ್ಗಾವಣೆ ಕೇಳಿ ಪಡೆದ, ನೀವು ಮೂವರೂ ಹೊರಟಿರಿ. ‘ಸೊಸೆಗೆ ಬೇರೆ ಮನೆ ಮಾಡೋ ಆಸೆ’ ಎಂದು ಕೆಳಮನೆಯ ಟೈಲರಮ್ಮನಿಗೆ, ಪೇಪರಿನವನಿಗೆ, ಪಾರ್ಕಿನ ಬೆಂಚಿನ ಗೆಳೆಯರಿಗೆ ನಾನೇ ಹೇಳಿದೆ. ಹೇಳಿ ಹೇಳಿ ನಾನೂ ನಂಬಿದೆ. ಈ ಐದು ವರ್ಷದಲ್ಲಿ ನೀನು ಒಂದು ಭಾನುವಾರ ತಪ್ಪಿಸಿಲ್ಲ. ನನ್ನ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಿ ಬಂದು ಒಂಬತ್ತು ದಿನ ಹನಿ ಹಾಕಿದೆ. ಹನಿ ಹಾಕುವಾಗ ನನ್ನ ಮುಖದ ಮೇಲೆ ನಿನ್ನ ಬರಿಗೈ ಕಾಣುತ್ತಿತ್ತು. ಒಂದು ಗಾಜಿನ ಬಳೆಯೂ ಇರಲಿಲ್ಲ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಗುಬ್ಬಿಗೆ ಮುಂದಿನ ತಿಂಗಳು ಹದಿನಾರು ತುಂಬುತ್ತದಲ್ಲ, ಅವಳಿಗೆ ಏನಾದರೂ ಚಿನ್ನದ್ದು ಕೊಡಿಸಬೇಕು ಅನ್ನಿಸಿತು. ಹೇಗೂ ಕಪಾಟಿನಲ್ಲಿ ಬಳೆ ಬಿದ್ದಿವೆ, ಕೊಟ್ಟು ಬದಲಿಗೆ ಒಂದು ಸರ ತಂದರಾಯಿತು ಎಂದು ಹೋದ ಗುರುವಾರ ಕರ್ಚೀಫಿನ ಸಮೇತ ಜೇಬಿಗೆ ಹಾಕಿಕೊಂಡು ಹೊರಟೆ. ನಿನ್ನನ್ನು ಕೇಳಬೇಕು ಎಂದು ಆಗಲೂ ತಲೆಗೆ ಹೊಳೆಯಲಿಲ್ಲ ನೋಡು. ದೊಡ್ಡ ರಸ್ತೆಯ ಅಂಗಡಿ, ಒಳಗೆ ಹೋದರೆ ಐಸಿನ ಪೆಟ್ಟಿಗೆಯ ಹಾಗೆ ತಣ್ಣಗೆ. ಮೂಲೆಯ ಕೌಂಟರಿನಲ್ಲಿ ಚಿನ್ನ ಪರೀಕ್ಷೆ ಮಾಡುವ ಒಬ್ಬ ಹೆಂಗಸು ಕೂತಿದ್ದಳು, ಐವತ್ತರ ಸುಮಾರು, ಎರಡು ಕನ್ನಡಕ: ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ನಾನು ನನ್ನ ಹಳೆಯ ಗತ್ತಿನಲ್ಲಿ, ‘ಈ ಬೀದಿಯ ತಕ್ಕಡಿಗಳಿಗೆಲ್ಲ ಸೀಲ್ ಹಾಕ್ತಿದ್ದವನು ನಾನು’ ಅಂದೆ. ಅವಳು ನಕ್ಕು, ‘ತಕ್ಕಡಿ ನಿಮ್ಮದು ಸರ್, ಚಿನ್ನ ನಮ್ಮದು. ಕೂತ್ಕೊಳ್ಳಿ, ನೀರು ಕುಡೀರಿ’ ಅಂದಳು.

ಮಗಳೇ, ನನಗೆ ಚಿನ್ನದ ಬಗ್ಗೆ ಏನೂ ಗೊತ್ತಿರಲಿಲ್ಲ. ಎಷ್ಟು ಅಂಗಡಿಗೆ ನುಗ್ಗಿ ಎಷ್ಟು ತಕ್ಕಡಿ ಜಪ್ತಿ ಮಾಡಿದ್ದೇನೋ, ತಕ್ಕಡಿಯ ಮೇಲೆ ಏನಿದೆ ಎಂದು ತಲೆ ಕೆಡಿಸಿಕೊಂಡವನಲ್ಲ. ಒಮ್ಮೆ ತರಕಾರಿ ಮಾರುವ ಮುದುಕಿಯ ಒಂದು ಕಿಲೋ ಬಟ್ಟನ್ನು ಕಿತ್ತುಕೊಂಡಿದ್ದೆ. ಅದು ಕಿಲೋಗಿಂತ ನಲವತ್ತು ಗ್ರಾಂ ಹೆಚ್ಚಿತ್ತು. ಪಾಪ, ಅವಳು ಗಿರಾಕಿಗೇ ಹೆಚ್ಚು ಕೊಡುತ್ತಿದ್ದಳು. ತಪ್ಪು ಬಟ್ಟು ತಪ್ಪು ಬಟ್ಟೇ ಎಂದು ರಶೀದಿ ಹರಿದೆ. ಅಂಥವನು ನಾನು. ಕನ್ನಡಕದ ಆ ಹೆಂಗಸು ಮೊದಲು ಒಂದು ಸಣ್ಣ ತಂತಿ ಕೊಟ್ಟು ಬಾಗಿಸಿ ಅಂದಳು. ಬೆಣ್ಣೆಯ ಹಾಗೆ ಬಾಗಿತು. ಅದು ಇಪ್ಪತ್ತನಾಲ್ಕು ಕ್ಯಾರೆಟ್, ಚೊಕ್ಕ ಚಿನ್ನವಂತೆ. ‘ಇದರಲ್ಲಿ ಓಲೆ ಮಾಡಿದ್ರೆ ಒಂದು ರಾತ್ರಿ ದಿಂಬಿಗೆ ಒತ್ತಿದ್ರೆ ಸಾಕು, ಬೆಳಿಗ್ಗೆ ಆಕಾರ ಇರಲ್ಲ. ತೀರಾ ಚೊಕ್ಕವಾಗಿದ್ರೆ ಬಾಳಲ್ಲ ಸರ್, ಸ್ವಲ್ಪ ತಾಮ್ರ, ಸ್ವಲ್ಪ ಬೆಳ್ಳಿ ಬೇಕು’ ಅಂದಳು. ನೂರರಲ್ಲಿ ತೊಂಬತ್ತೊಂದೂವರೆ ಪಾಲಿಗಿಂತ ಚೂರು ಹೆಚ್ಚು ಚಿನ್ನವಿದ್ದರೆ ಇಪ್ಪತ್ತೆರಡು ಕ್ಯಾರೆಟ್, ಮುಕ್ಕಾಲು ಪಾಲು ಇದ್ದರೆ ಹದಿನೆಂಟು. ತಾಮ್ರ ಹೆಚ್ಚಾದರೆ ಕೆಂಪು ಛಾಯೆ, ಬೆಳ್ಳಿ ಹೆಚ್ಚಾದರೆ ಪೇಲವ. ಬಣ್ಣ ನೋಡಿ ಒಳ್ಳೆಯ ಚಿನ್ನ, ಕೆಟ್ಟ ಚಿನ್ನ ಅನ್ನುವವರು ಮೋಸ ಹೋಗುತ್ತಾರಂತೆ. ಹರಳಿನ ಒಡವೆಯಾದರೆ ಹರಳಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸಿಕೊಳ್ಳಬೇಕು. ಒಡವೆಯ ಒಳಬದಿಯ ಹಾಲ್‌ಮಾರ್ಕ್ ಮುದ್ರೆಯನ್ನು ಭೂತಗನ್ನಡಿ ಕೇಳಿ ಪಡೆದು ನಾವೇ ಓದಬೇಕು, ಕೇಳಲು ಸಂಕೋಚಪಡಬಾರದು. ಇದನ್ನೆಲ್ಲ ಗುಬ್ಬಿಗೆ ಹೇಳು, ಮುಂದೆ ತನ್ನ ದುಡಿಮೆಯಲ್ಲಿ ಕೊಳ್ಳುವಾಗ ಬೇಕಾಗುತ್ತದೆ. ಅಜ್ಜ ಎಪ್ಪತ್ತೆರಡನೇ ವಯಸ್ಸಿನಲ್ಲಿ ಕಲಿತದ್ದನ್ನು ಅವಳು ಹದಿನಾರಕ್ಕೇ ಕಲಿಯಲಿ.

ಆಮೇಲೆ ಕರ್ಚೀಫು ಬಿಚ್ಚಿದೆ. ಅವಳು ಒಂದು ಬಳೆಯನ್ನು ಮುಚ್ಚಳದ ಪೆಟ್ಟಿಗೆಯಂಥ ಯಂತ್ರದೊಳಗೆ ಇಟ್ಟು ಗುಂಡಿ ಒತ್ತಿದಳು. ತೊಂಬತ್ತೊಂದು ಚಿಲ್ಲರೆ ಬಂತು. ಬಳೆಯನ್ನು ತಿರುಗಿಸಿ ಇಟ್ಟಳು, ಎಂಬತ್ತೆಂಟು ಬಂತು. ನಾನು ತಕ್ಷಣ ಮುಂದೆ ಬಾಗಿದೆ, ಮೋಸ ಸಿಕ್ಕಿತು ಎಂಬಂತೆ. ಅವಳು, ‘ಇಲ್ಲಿ ಬೆಸುಗೆ ಇದೆ ಸರ್. ಹಳೇ ಕೈಕೆಲಸ, ಬೆಸುಗೆ ಹತ್ರ ಯಾವಾಗ್ಲೂ ಕಡಿಮೆ ತೋರ್ಸುತ್ತೆ. ಒಂದೇ ಕಡೆ ನೋಡಿ ಹೇಳ್ಬಾರ್ದು’ ಅಂದಳು. ಆಮೇಲೆ ಎರಡನ್ನೂ ತೂಗಿದಳು. ನಾನು ಅವಳಿಗಿಂತ ಮೊದಲೇ, ‘ಒಂದರಲ್ಲಿ ನಾಲ್ಕು ಗ್ರಾಂ ಹೋಗಿದೆ, ಮನೆಯವರೇ...’ ಎಂದು ಶುರುಮಾಡಿ ನಿಲ್ಲಿಸಿದೆ. ಅಪರಿಚಿತಳ ಮುಂದೆ ನಿನ್ನ ಮರ್ಯಾದೆ ತೆಗೆಯಲು ಎಷ್ಟು ಆತುರ ನೋಡು ನನಗೆ. ಅವಳು ನನ್ನ ಮುಖ ನೋಡಲಿಲ್ಲ. ಹಗುರದ ಬಳೆಯನ್ನು ಎತ್ತಿ ಗಾಜಿನ ಮೇಲೆ ಮೆಲ್ಲಗೆ ತಟ್ಟಿದಳು, ಕಿಣಿ ಎಂದಿತು. ಭಾರದ್ದನ್ನು ತಟ್ಟಿದಳು, ಮರದ ತುಂಡಿನ ಹಾಗೆ ಟಕ್ ಎಂದಿತು. ‘ಹೋಗಿಲ್ಲ ಸರ್. ಇದರೊಳಗೆ ಅರಗು ಇದೆ, ಅದರಲ್ಲಿ ಇಲ್ಲ’ ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಭೂತಗನ್ನಡಿ ಕೊಟ್ಟು, ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ತೋರಿಸಿದಳು. ಇವು ಗಟ್ಟಿ ಬಳೆಗಳಲ್ಲ, ಕೊಳವೆಯ ಹಾಗೆ ಟೊಳ್ಳು. ತೆಳು ಚಿನ್ನ ನೆಗ್ಗದಿರಲಿ ಎಂದು ಮಾಡುವವನು ಒಳಗೆ ಅರಗು ಕರಗಿಸಿ ತುಂಬುತ್ತಾನೆ. ಬಳೆ ಸೀಳಿದರೆ ಬೆಸೆಯಲು ಬೆಂಕಿ ತೋರಿಸಬೇಕು. ಬೆಂಕಿ ತೋರಿಸಿದರೆ ಅರಗು ಉರಿದು ಚಿನ್ನ ಕೆಡಿಸುತ್ತದೆ. ಅದಕ್ಕೇ ಯಾವ ಅಕ್ಕಸಾಲಿಗನಾದರೂ ಮೊದಲು ಅರಗು ಪೂರ್ತಿ ತೆಗೆಯುತ್ತಾನೆ, ಆಮೇಲೆ ಬೆಸೆಯುತ್ತಾನೆ. ‘ಮತ್ತೆ ತುಂಬ್ಸೋರು ತುಂಬ್ಸ್ತಾರೆ, ಕೆಲವರು ಕೈಗೆ ಹಗುರ ಇರ್ಲಿ ಅಂತ ಬಿಡ್ತಾರೆ. ಯಾರು ಮಾಡಿದ್ರೋ, ಬೆಸುಗೆ ತುಂಬಾ ಚೊಕ್ಕಟವಾಗಿದೆ’ ಎಂದು ಹೊಗಳಿದಳು ಬೇರೆ. ನಾನು ಅಷ್ಟಕ್ಕೇ ಒಪ್ಪಲಿಲ್ಲ. ಹಠದ ಮನುಷ್ಯ. ಇನ್ನೊಂದು ಬಳೆಯ ಅರಗನ್ನೂ ತೆಗೆಸಿ ತೋರಿಸಿ ಅಂದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಆಫೀಸಿನಲ್ಲಿ ಕಿರಿಯರಿಗೆಲ್ಲ ಉಪದೇಶ ಮಾಡುತ್ತಿದ್ದವನು ಆ ಗಾದೆಯನ್ನು ಮನೆಯಲ್ಲಿ ಪಾಲಿಸಿದ್ದು ಐದು ವರ್ಷ ತಡವಾಗಿ.

ಹಿಂದಿನ ಕೋಣೆಗೆ ನನ್ನನ್ನೂ ಕರೆದುಕೊಂಡು ಹೋದರು. ಕೆಲಸದವನು ಬೆಸುಗೆಯ ಹತ್ತಿರ ಸ್ವಲ್ಪ ಬಿಚ್ಚಿ, ಸಣ್ಣ ಉರಿಯ ಮೇಲೆ ಬಳೆಯನ್ನು ತಿರುಗಿಸುತ್ತಾ ಹಿಡಿದ. ಮೊದಲು ವಾಸನೆ ಬಂತು, ಹಳೆಯ ಪಾರ್ಸೆಲ್ಲಿನ ಮೇಲಿನ ಮೊಹರಿನದೇ ವಾಸನೆ. ಆಮೇಲೆ ಕಂದು ಬಣ್ಣದ ಅರಗು ಎಳೆಯಾಗಿ ಇಳಿದು ತಗಡಿನ ಮೇಲೆ ಬಿದ್ದು ಗಟ್ಟಿಯಾಯಿತು. ಮತ್ತೆ ಮತ್ತೆ ಕಾಯಿಸಿ, ತೊಳೆದು, ಒರೆಸಿ ಕೊಟ್ಟ. ಆ ಹೆಂಗಸು ತೂಗಿದಳು. ಹದಿನಾಲ್ಕು ಗ್ರಾಂ ನೂರು ಮಿಲಿ. ಪಕ್ಕದಲ್ಲಿ ನಿನ್ನ ಬಳೆ ಇಟ್ಟಳು: ಹದಿನಾಲ್ಕು ಗ್ರಾಂ ನೂರ ಇಪ್ಪತ್ತು. ಬೆಸುಗೆಗೆ ಹಾಕಿದ ಚೂರಿನಷ್ಟು ನಿನ್ನದೇ ಹೆಚ್ಚು. ನೀನು ಸರಿಮಾಡಿಸಿ ತಂದ ಬಳೆಯಲ್ಲಿ ಕಡಿಮೆಯಾದದ್ದು ಏನೂ ಇಲ್ಲ ಮಗಳೇ, ಇಪ್ಪತ್ತು ಮಿಲಿ ಹೆಚ್ಚೇ ಇತ್ತು. ನಾನು ಕೆಳಗೆ ಎರಡು ಗೆರೆ ಎಳೆದದ್ದು ಅರಗಿನ ತೂಕಕ್ಕೆ.

ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಹೆಂಗಸು ಗಾಬರಿಯಾಗಿ, ‘ಚಿನ್ನ ಅಷ್ಟೂ ಇದೆಯಲ್ಲ ಸರ್, ಖುಷಿಪಡಬೇಕು ನೀವು’ ಅಂದಳು. ‘ಈ ವಿಷಯ ಗಿರಾಕಿಗೆ ಅಕ್ಕಸಾಲಿಗರು ಹೇಳ್ತಾರಾ?’ ಎಂದು ಕೇಳಿದೆ. ‘ಹೇಳ್ದೆ ಇರ್ತಾರಾ? ಹೇಳ್ದಿದ್ರೆ ನಾಳೆ ಅವರ ತಲೆಗೇ ಬರುತ್ತೆ’ ಅಂದಳು. ಅಂದರೆ ನಿನಗೆ ಗೊತ್ತಿತ್ತು. ಚೀಟಿ ನೋಡಿದ ಆ ರಾತ್ರಿಯೇ, ಬಡಿಸುತ್ತಲೇ, ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಆ ದಿನ ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಕೇಳಿಕೊಂಡೆ. ಮೂರು ಮಹಡಿ ಹತ್ತುವಷ್ಟರಲ್ಲಿ ಹೊಳೆಯಿತು. ನಾನು ಕೇಳಿದ್ದರೆ ನೀನು ಹೇಳುತ್ತಿದ್ದೆ. ನಾನು ಕೇಳಲೇ ಇಲ್ಲ, ತೀರ್ಪು ಬರೆದಿಟ್ಟು ಹೋಗಿದ್ದೆ. ಬರೆದಿಟ್ಟ ತೀರ್ಪಿಗೆ ಯಾರು ಉತ್ತರ ಕೊಡುತ್ತಾರೆ? ಈ ಮನೆಯಲ್ಲಿ ಹನ್ನೆರಡು ವರ್ಷ ಅನ್ನ ಬಡಿಸಿದವಳು ನಾಲ್ಕು ಗ್ರಾಮಿಗೆ ಸಾಕ್ಷಿ ತರಬೇಕೇ ಎಂದು ನಿನಗೆ ಅನ್ನಿಸಿರಬೇಕು. ಅನ್ನಿಸದಿದ್ದರೆ ಆಶ್ಚರ್ಯ.

ಈ ಏಳು ದಿನ ಇಂಗು ತಿಂದ ಮಂಗನ ಹಾಗೆ ಮನೆಯೊಳಗೆ ಸುತ್ತಾಡಿದ್ದೇನೆ. ಬರೆಯಲು ಕೂತು ಎದ್ದಿದ್ದೇನೆ. ಭಾನುವಾರ ನೀನು ಫೋನು ಮಾಡಿದಾಗ ಮಾತ್ರೆಯ ಲೆಕ್ಕ ಮಾತ್ರ ಒಪ್ಪಿಸಿದೆ. ‘ದನಿ ಯಾಕೆ ಹೀಗಿದೆ ಮಾವ, ಶೀತಾನಾ?’ ಅಂದೆ ನೀನು. ಹೂಂ ಅಂದುಬಿಟ್ಟೆ. ಮರುದಿನ ನಿನ್ನಿಂದ ಕಷಾಯದ ಪುಡಿಯ ಪಾರ್ಸೆಲ್ ಹೊರಟಿದೆ ಎಂದು ಗುಬ್ಬಿಯ ಮೆಸೇಜು ಬಂತು. ಶೀತವಿಲ್ಲದವನಿಗೆ ಕಷಾಯ. ಕುಡಿಯುತ್ತೇನೆ, ಶಿಕ್ಷೆ ಎಂದುಕೊಂಡೇ ಕುಡಿಯುತ್ತೇನೆ.

ಇಷ್ಟರಲ್ಲಿ ಒಂದೆರಡು ಕೆಲಸ ಮಾಡಿದ್ದೇನೆ. ಸೋಮವಾರ ಟೈಲರಮ್ಮನ ಬಾಗಿಲಿಗೆ ಹೋಗಿ, ‘ನನ್ನ ಸೊಸೆ ಬೇರೆ ಮನೆ ಆಸೆಗೆ ಹೋಗಲಿಲ್ಲ, ನನ್ನ ದೆಸೆಯಿಂದ ಹೋದಳು’ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಹಲ್ಲಲ್ಲಿ ಕಚ್ಚಿದ್ದ ದಾರ ತೆಗೆದು, ‘ನನಗೆ ಮೊದ್ಲೇ ಗೊತ್ತಿತ್ತು ಬಿಡಿ’ ಅಂದಳು. ಹೇಗೆ ಎಂದು ಕೇಳಿದೆ. ನೀನು ಸಾಮಾನು ತುಂಬಿಸುವ ದಿನ ಅವಳ ಹತ್ತಿರ ಹೋಗಿ ನನ್ನ ಮಾತ್ರೆಗಳ ಹೊತ್ತು ಬರೆದುಕೊಟ್ಟು, ದಿನಾ ಒಮ್ಮೆ ಮೇಲೆ ಹೋಗಿ ನೋಡಿ ಎಂದು ಕೇಳಿಕೊಂಡೆಯಂತೆ. ‘ಬೇರೆ ಮನೆ ಆಸೆಗೆ ಹೋಗೋಳು ಹಾಗೆ ಅಳ್ತಾ ಹೇಳಿ ಹೋಗಲ್ಲ’ ಅಂದಳು. ಐದು ವರ್ಷ ಅವಳು ನನ್ನ ಬಾಗಿಲು ತಟ್ಟುತ್ತಿದ್ದದ್ದು ನೆರೆಯವಳ ಒಳ್ಳೆಯತನ ಎಂದುಕೊಂಡಿದ್ದೆ. ಪಾರ್ಕಿನ ಬೆಂಚಿನವರಿಗೂ ಹೇಳಿದೆ. ಒಬ್ಬರು ಮಾತು ಮರೆಸಿ ಹವಾಮಾನದ ಕಡೆಗೆ ಹೊರಳಿಸಿದರು, ಇರಲಿ. ಕಮಾನಿನ ಕೆಳಗಿನ ಅಕ್ಕಸಾಲಿಗನನ್ನೂ ಹುಡುಕಿಕೊಂಡು ಹೋದೆ. ಅವನ ಬಗ್ಗೆಯೂ ಕೆಟ್ಟದ್ದು ಎಣಿಸಿದ್ದೆನಲ್ಲ. ಅವನು ತೀರಿಕೊಂಡು ಎರಡು ವರ್ಷವಾಯಿತಂತೆ. ಆ ಜಾಗದಲ್ಲಿ ಈಗ ಬೀಗದ ಕೈ ಮಾಡುವವನು ಕೂರುತ್ತಾನೆ. ಅವನಿಗೆ ಕೇಳಬೇಕಾದ ಕ್ಷಮೆ ನನ್ನ ಹತ್ತಿರವೇ ಉಳಿಯಿತು.

ಬಳೆಗಳನ್ನು ಬದಲಾಯಿಸಲಿಲ್ಲ. ಅವು ನಿನ್ನವು. ಬಿಚ್ಚಿದ್ದನ್ನು ಬೆಸೆದುಕೊಟ್ಟಿದ್ದಾರೆ, ಈಗ ಎರಡೂ ಟೊಳ್ಳಾಗಿವೆ. ಅರಗು ತುಂಬಿಸಬೇಕೋ ಹಗುರವಾಗಿಯೇ ಇರಲೋ, ಇಟ್ಟುಕೊಳ್ಳುತ್ತೀಯೋ, ಕರಗಿಸುತ್ತೀಯೋ, ಬೇಡವೇ ಬೇಡ ಅನ್ನುತ್ತೀಯೋ, ನಿನ್ನನ್ನು ಕೇಳದೆ ನಾನು ಮುಟ್ಟುವುದಿಲ್ಲ. ಗುಬ್ಬಿಗೆ ನನ್ನ ಪಿಂಚಣಿಯಲ್ಲೇ ಒಂದು ಜೊತೆ ಸಣ್ಣ ಓಲೆ ಕೊಂಡಿದ್ದೇನೆ, ಇಪ್ಪತ್ತೆರಡು ಕ್ಯಾರೆಟ್ಟಿನದು, ಹರಳಿಲ್ಲ. ಮುದ್ರೆಯನ್ನು ನಾನೇ ಓದಿದೆ. ತಿರುಪು ಸಡಿಲವಾಗದಂಥದ್ದು ಬೇಕೆಂದು ಮೂರು ಜೊತೆ ಬೇಡವೆಂದೆ. ಕನ್ನಡಕದ ಹೆಂಗಸು, ‘ನಿಮ್ಮಂಥ ಗಿರಾಕಿ ದಿನಕ್ಕೆ ಇಬ್ಬರು ಬಂದ್ರೆ ನಾನು ಕೆಲಸ ಬಿಡ್ತೀನಿ’ ಅಂದಳು.

ನನ್ನ ಮಗನಿಗೆ ಈ ವಿಷಯ ಗೊತ್ತಿಲ್ಲ ಎಂದುಕೊಂಡಿದ್ದೇನೆ. ನೀನು ಚಾಡಿ ಹೇಳುವವಳಲ್ಲ. ಅಪ್ಪನನ್ನು ಬಿಟ್ಟು ಬಂದದ್ದು ಹೆಂಡತಿಯ ಹಠಕ್ಕೆ ಎಂದು ಅವನ ಮನಸ್ಸಿನಲ್ಲೂ ಇದ್ದರೆ, ಅದನ್ನು ತೆಗೆಯುವ ಕೆಲಸ ನನ್ನದು. ಅವನು ಆಫೀಸಿನ ಕೆಲಸದ ಮೇಲೆ ಊರೂರು ಅಲೆಯುತ್ತಿದ್ದಾನೆ ಅಂದೆಯಲ್ಲ, ಬಿಡುವಾಗಿ ಸಿಕ್ಕಾಗ ನಾನೇ ಹೇಳುತ್ತೇನೆ.

ಹಿರಿಯನಾಗಿ ಆಶೀರ್ವಾದ ಬರೆದು ಮುಗಿಸಬೇಕು. ಆ ಯೋಗ್ಯತೆ ಇದೆಯೇ ಎಂದು ಕೈ ತಡೆಯುತ್ತಿದೆ. ಆದರೂ ನಿನ್ನ ಭುಜದ ನೋವು ಬೇಗ ವಾಸಿಯಾಗಲಿ, ನಿನ್ನ ಕೈಕೆಲಸಕ್ಕೆ ಯಾವತ್ತೂ ಕೊರತೆ ಬಾರದಿರಲಿ, ಗುಬ್ಬಿ ನಿನ್ನ ಹಾಗೆ ಆಗಲಿ, ಆದರೆ ನಿನಗಿಂತ ಸ್ವಲ್ಪ ಬಾಯಿಜೋರು ಇರಲಿ. ನನ್ನಿಂದ ತಪ್ಪಾಯಿತು ಮಗಳೇ. ಉತ್ತರ ಬರೆಯಲೇಬೇಕೆಂದಿಲ್ಲ. ಈ ಭಾನುವಾರ ಫೋನು ಮಾಡಲು ಮನಸ್ಸಾಗದಿದ್ದರೆ ಬಿಡು, ಮಾತ್ರೆ ನಾನೇ ನೆನಪಿಟ್ಟು ತೆಗೆದುಕೊಳ್ಳುತ್ತೇನೆ.

ಇಂತಿ,
ನಿನ್ನ ಮಾವ

ಮರೆಯುವ ಮುಂಚೆ: ಲಕೋಟೆಗೆ ಅಂಟು ಹಚ್ಚುವಾಗಲೇ ನನ್ನ ಮಗನ ಫೋನು ಬಂತು, ಬಸ್‌ಸ್ಟ್ಯಾಂಡಿನಿಂದ. ಕೆಲಸ ಬೇಗ ಮುಗಿಯಿತು, ಇವತ್ತೇ ಮನೆಗೆ ಹೊರಟಿದ್ದೇನೆ ಅಂದ. ಇದೇ ಹೊತ್ತು ಎಂದು ಎಲ್ಲ ಹೇಳಿಬಿಟ್ಟೆ. ಬಸ್ಸುಗಳ ಹಾರನ್ ನಡುವೆ ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಹೇಳಿದ. ಆ ಸಂಜೆ ಅವನು ಆಫೀಸಿನಿಂದ ಬಂದವನು ಚೀಟಿಯನ್ನು ನಿನಗಿಂತ ಮೊದಲೇ ನೋಡಿದ್ದನಂತೆ. ಎತ್ತಿ ಓದಿ ಅಲ್ಲೇ ಇಟ್ಟನಂತೆ. ಮಲಗುವಾಗ ನಿನ್ನನ್ನು ಕೇಳಿದನಂತೆ, ನೀನು ಅರಗಿನ ವಿಷಯ ಎಲ್ಲ ಬಿಡಿಸಿ ಹೇಳಿದೆಯಂತೆ. ಅವನು ‘ಅಪ್ಪ ಸುಮ್ಮಸುಮ್ಮನೆ ಏನೂ ಬರೆಯಲ್ಲ’ ಅಂದನಂತೆ. ನೀನು ಆಮೇಲೆ ಆ ಮಾತು ಎತ್ತಲೇ ಇಲ್ಲವಂತೆ. ಹೇಳುತ್ತಾ ಫೋನಿನಲ್ಲಿ ಅತ್ತ. ಅವನು ಅತ್ತದ್ದು ಅವನ ತಾಯಿ ಹೋದ ಮೇಲೆ ಇದೇ ಮೊದಲು. ಇಷ್ಟು ವರ್ಷ ಪ್ರತಿ ಭಾನುವಾರ ‘ಅವನು ಚೆನ್ನಾಗಿ ನೋಡ್ಕೋತಾನಾ?’ ಎಂದು ನಾನು ಕೇಳುವುದು, ನೀನು ‘ಹೂಂ ಮಾವ’ ಅನ್ನುವುದು. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಅವನು ಮನೆ ಸೇರಿರುತ್ತಾನೆ. ಏನು ಹೇಳಿರುತ್ತಾನೋ, ಹೇಳದೆ ಬಾಗಿಲಲ್ಲೇ ನಿಂತಿರುತ್ತಾನೋ ಗೊತ್ತಿಲ್ಲ. ಸಿಟ್ಟು ಬಂದರೆ ಸಿಟ್ಟು ಮಾಡು. ನನ್ನ ಮುಖ ನೋಡಿ ಅವನನ್ನಾಗಲಿ, ಅವನ ಮುಖ ನೋಡಿ ನನ್ನನ್ನಾಗಲಿ ಈ ಸಲ ಕಾಪಾಡಬೇಡ.